ವಾಡಿ ಮಾರ್ಗದ ಸರಕು ವ್ಯಾಗನ್ನುಗಳು: ಅಳತೆಯ ಮಾದರಿಯಲ್ಲಿ ಒಂದು ಸೀಮೆಯ ಚರಿತ್ರೆ

ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಮತ್ತು ಚಿಂಚೋಳಿ ಸೀಮೆಯ ನೆಲದಡಿಯಲ್ಲಿ ಪದರಪದರವಾಗಿ ಹಾಸಿಕೊಂಡಿರುವ ಸುಣ್ಣಕಲ್ಲು ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹವೆಂದು ಗುರುತಿಸುವ ನಿಕ್ಷೇಪಕ್ಕೆ ಸೇರಿದ್ದು. ಈ ಕಲ್ಲು ಖಣಿಯಿಂದ ಹಲಗೆಯಂತೆ ಎದ್ದು ಬಂದಾಗ ಮನೆಯ ನೆಲಕ್ಕೆ ಹಾಸುವ ಫರಸಿಯಾಗುತ್ತದೆ. ಇತರ ಖನಿಜಗಳೊಡನೆ ಬೆರೆಸಿ ಸುಟ್ಟು ಪುಡಿಮಾಡಿದಾಗ ಸಿಮೆಂಟಾಗುತ್ತದೆ. ಫರಸಿಯೂ ಸಿಮೆಂಟೂ ತೂಕದಲ್ಲಿ ಹೆಚ್ಚು, ತೂಕಕ್ಕೆ ಹೋಲಿಸಿದರೆ ಬೆಲೆಯಲ್ಲಿ ಕಡಿಮೆ. ಇಂಥ ಸರಕನ್ನು ಎತ್ತಿನ ಗಾಡಿಯಲ್ಲಿ ಹೇರಿ ದೂರದ ಪೇಟೆಗೆ ಒಯ್ದರೆ ಬಾಡಿಗೆಯೇ ಸರಕಿನ ಬೆಲೆಯನ್ನು ಮೀರುತ್ತಿತ್ತಾದ್ದರಿಂದ, ಈ ಸೀಮೆಯ ಕಲ್ಲು ವ್ಯಾಪಾರಕ್ಕೂ ಕೈಗಾರಿಕೆಗೂ ರೈಲು ಬರುವುದು ಅನಿವಾರ್ಯವಾಗಿತ್ತು. ಆದುದರಿಂದ ಜನ ಗೂಡ್ಸ್ ಗಾಡಿಯ ಡಬ್ಬಿ ಎಂದು ಕರೆಯುವ ಸರಕು ವ್ಯಾಗನ್ನನ್ನು ಈ ಭಾಗದ ಆರ್ಥಿಕ ಚರಿತ್ರೆಯ ಒಂದು ಮುಖ್ಯ ದಾಖಲೆಯೆಂದೇ ಪರಿಗಣಿಸಬೇಕಾಗುತ್ತದೆ. ಆ ದಾಖಲೆಯನ್ನು ಅತ್ಯಂತ ಶ್ರದ್ಧೆಯಿಂದ ಓದುವವರು ಅದರ ಅಳತೆಯ ಮಾದರಿಯನ್ನು ಕಟ್ಟುವವರು.

ಅಳತೆಯ ಮಾದರಿಯೆಂದರೆ ಮೂಲ ವಸ್ತುವಿನ ಪ್ರತಿಯೊಂದು ಭಾಗವನ್ನೂ ಒಂದೇ ಪ್ರಮಾಣದಲ್ಲಿ ಕಿರಿದುಗೊಳಿಸಿ ಮಾಡಿದ ಪ್ರತಿರೂಪ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಓ ಪ್ರಮಾಣದಲ್ಲಿ ಮೂಲದ 87 ಮಿಲಿಮೀಟರು ಮಾದರಿಯಲ್ಲಿ 1 ಮಿಲಿಮೀಟರಾಗುತ್ತದೆ. ಇದಕ್ಕೆ ಭಿನ್ನವಾಗಿ, ಚನ್ನಪಟ್ಟಣದ ಮರದ ರೈಲು ಸುಂದರವಾದ ಆಟಿಕೆ. ಅದು ಯಾವ ವರ್ಷದ್ದು, ಯಾವ ಕಂಪನಿಯದು ಎಂದು ಯಾರೂ ಕೇಳುವುದಿಲ್ಲ. ಚಾರಿತ್ರಿಕವಾಗಿ ನಿಖರವೆನಿಸಿಕೊಳ್ಳಬೇಕಾದ ಮಾದರಿಯು ಮಾತ್ರ ಯಾವ ಮಾರ್ಗ, ಯಾವ ಕಾಲ, ಯಾವ ಸರಕು ಎಂಬ ಮೂರು ಪ್ರಶ್ನೆಗಳಿಗೆ ಮೊದಲೇ ಉತ್ತರ ಕೊಡಬೇಕು. ಆ ಉತ್ತರ ನಿಶ್ಚಯವಾಗುವವರೆಗೆ ಕತ್ತರಿ, ಅಂಟು, ಬಣ್ಣಗಳಿಗೆ ಕೆಲಸವಿಲ್ಲ.

ಮಾರ್ಗದ ಪ್ರಶ್ನೆಗೆ ವಾಡಿಯಲ್ಲಿ ಸಿಗುವ ಉತ್ತರವೇ ಎರಡು ಬಗೆಯದು. 1853ರಲ್ಲಿ ಮುಂಬಯಿಯಿಂದ ಠಾಣೆಗೆ ಮೊದಲ ರೈಲು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಅಂದರೆ ಜಿಐಪಿ ಕಂಪನಿಯು ಪುಣೆ, ಸೊಲ್ಲಾಪುರಗಳನ್ನು ದಾಟಿ ಆಗ್ನೇಯಕ್ಕೆ ಹಳಿ ಹಾಕುತ್ತ ಬಂದು, ಶಹಾಬಾದ ಮತ್ತು ವಾಡಿಯ ಮೂಲಕ ಸಾಗಿ, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿಕೊಂಡಿತು. ಹೈದರಾಬಾದ್ ಸಂಸ್ಥಾನದ ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗ್ ಅವರ ಕಾಲದಲ್ಲಿ, ರಾಜಧಾನಿಯನ್ನು ಈ ಮುಖ್ಯ ಮಾರ್ಗಕ್ಕೆ ಜೋಡಿಸಲೆಂದು ನಿಜಾಮ ಸರ್ಕಾರದ ಹಣದಿಂದ ನಿರ್ಮಾಣವಾದ ವಾಡಿ–ಸಿಕಂದರಾಬಾದ್ ಮಾರ್ಗವು 1874ರಲ್ಲಿ ತೆರೆಯಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ನಿಲ್ದಾಣಗಳು ಈ ಎರಡನೆಯ ಮಾರ್ಗದವು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದ, ಅಂದರೆ ಈಗಿನ ಮಳಖೇಡದ, ಪಕ್ಕದಲ್ಲೇ ಕಲ್ಲು ಹೇರಿದ ಗಾಡಿಗಳು ಓಡತೊಡಗಿದ್ದು ಹೀಗೆ. ಚಿಂಚೋಳಿ ಪಟ್ಟಣಕ್ಕೆ ಹಳಿ ಬರಲಿಲ್ಲ. ಅದಕ್ಕೆ ಹತ್ತಿರದ ರೈಲು ನಿಲ್ದಾಣ ಗಡಿಯಾಚೆಯ ತಾಂಡೂರು.

ವಾಡಿ ಊರು ನಿಜಾಮರ ಸೀಮೆಯಲ್ಲೇ ಇದ್ದರೂ ಅಲ್ಲಿ ಎರಡು ಆಡಳಿತಗಳ ಗಾಡಿಗಳು ಸೇರುತ್ತಿದ್ದವೆಂಬುದು ಮಾದರಿ ಕಟ್ಟುವವರು ಗಮನಿಸಬೇಕಾದ ಮೊದಲ ಸಂಗತಿ. 1880ರ ದಶಕದಲ್ಲಿ ನಿಜಾಮರ ಮಾರ್ಗವು ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ ಎಂಬ ಕಂಪನಿಯ ಕೈಗೆ ಹೋಯಿತು. ಹೂಡಿಕೆದಾರರಿಗೆ ಸಲ್ಲಬೇಕಾದ ಬಡ್ಡಿಗೆ ಸರ್ಕಾರ ಖಾತರಿ ನೀಡಿದ್ದರಿಂದ ಆ ಹೆಸರು. 1930ರಲ್ಲಿ ಸಂಸ್ಥಾನವೇ ಅದನ್ನು ಕೊಂಡುಕೊಂಡಾಗ ಅದು ನಿಜಾಮ್ಸ್ ಸ್ಟೇಟ್ ರೈಲ್ವೆಯಾಯಿತು. 1951ರ ನವೆಂಬರ್ 5ರಂದು ಜಿಐಪಿಯೊಡನೆ ಮಧ್ಯ ರೈಲ್ವೆಯಲ್ಲಿ ಲೀನವಾಯಿತು. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ಸಿಕಂದರಾಬಾದಿನ ಕಡೆಯ ಮಾರ್ಗ ಅದರ ಪಾಲಾಯಿತು. ವ್ಯಾಗನ್ನಿನ ಬದಿಯ ಅಕ್ಷರಗಳು ಈ ಒಂದೊಂದು ಹಂತದಲ್ಲೂ ಬದಲಾದವು. ಆದರೆ ಒಂದೇ ಗಾಡಿಯಲ್ಲಿ ಒಂದೇ ಕಂಪನಿಯ ಅಕ್ಷರಗಳಿರಬೇಕೆಂದು ಭಾವಿಸುವುದೂ ಸರಿಯಲ್ಲ. 1903ರಲ್ಲಿ ಸ್ಥಾಪನೆಯಾದ ಇಂಡಿಯನ್ ರೈಲ್ವೆ ಕಾನ್ಫರೆನ್ಸ್ ಅಸೋಸಿಯೇಷನ್ ಕಂಪನಿಗಳ ನಡುವೆ ವ್ಯಾಗನ್ ವಿನಿಮಯಕ್ಕೆ ನಿಯಮಗಳನ್ನು ರೂಪಿಸಿದ ಮೇಲೆ ಒಬ್ಬರ ಡಬ್ಬಿ ಇನ್ನೊಬ್ಬರ ಹಳಿಯ ಮೇಲೆ ಓಡುವುದು ನಿತ್ಯದ ವ್ಯವಹಾರವಾಯಿತು. ವಾಡಿಯಂಥ ಜಂಕ್ಷನ್ನಿನ ಗಾಡಿಯಲ್ಲಿ ಅಕ್ಷರಗಳು ಬೆರೆತಿರುವುದೇ ಸಹಜ.

ಆರಂಭಕಾಲದ ವ್ಯಾಗನ್ನುಗಳು ನಾಲ್ಕು ಚಕ್ರದವು, ಬಹುಮಟ್ಟಿಗೆ ಮರದವು. ಕಬ್ಬಿಣ ಮತ್ತು ಉಕ್ಕು ಮೊದಲು ಅಡಿಚೌಕಟ್ಟಿಗೆ, ಆಮೇಲೆ ಮೈಗೆ ಬಂದವು. ತಗಡುಗಳನ್ನು ರಿವೆಟ್ಟು ಬಡಿದು ಕೂಡಿಸುತ್ತಿದ್ದುದರಿಂದ ಆ ಕಾಲದ ಡಬ್ಬಿಯ ಮೈಮೇಲೆ ರಿವೆಟ್ಟುಗಳ ಸಾಲು ಎದ್ದು ಕಾಣುತ್ತದೆ. ಎರಡು ಸೆಂಟಿಮೀಟರು ಅಗಲದ ರಿವೆಟ್ಟಿನ ತಲೆ ಎಚ್‌ಓ ಮಾದರಿಯಲ್ಲಿ ಕಾಲು ಮಿಲಿಮೀಟರಿಗಿಂತಲೂ ಚಿಕ್ಕದು. ಅದನ್ನು ತೆಳುವಾದ ಪ್ಲಾಸ್ಟಿಕ್ ಹಾಳೆಯ ಅಥವಾ ಹಿತ್ತಾಳೆ ತಗಡಿನ ಹಿಂಬದಿಯಿಂದ ಮೊಂಡು ಸೂಜಿಯಲ್ಲಿ ಒಂದೊಂದಾಗಿ ಒತ್ತಿ ಮೂಡಿಸುತ್ತಾರೆ. ಬೆಸುಗೆಯ ಡಬ್ಬಿಗಳು ಬಂದ ಮೇಲೆ ಈ ಸಾಲುಗಳು ಮಾಯವಾದವು. ಹೀಗಾಗಿ ರಿವೆಟ್ಟು ಇದೆಯೋ ಇಲ್ಲವೋ ಎಂಬುದರಿಂದಲೇ ಡಬ್ಬಿಯ ಕಾಲವನ್ನು ಸ್ಥೂಲವಾಗಿ ಗುರುತಿಸಬಹುದು.

ಕಲ್ಲಿನ ವ್ಯಾಗನ್ನು ಈ ಸೀಮೆಗೆ ವಿಶಿಷ್ಟವಾದ ವಿಷಯವಾದ್ದರಿಂದ ಅದನ್ನು ತುಸು ವಿವರವಾಗಿ ನೋಡುವುದು ಉಚಿತ. ಕಲ್ಲಿದ್ದಲನ್ನು ಮೇಲಂಚಿನವರೆಗೆ ತುಂಬುವ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಕಲ್ಲಿನ ಡಬ್ಬಿಯನ್ನೂ ಹಾಗೆಯೇ ತುಂಬಿ ತೋರಿಸಿದರೆ ಮಾದರಿ ಅಲ್ಲಿಗೇ ಸುಳ್ಳಾಗುತ್ತದೆ. ಒಂದು ಘನಮೀಟರು ಸುಣ್ಣಕಲ್ಲು ಎರಡೂವರೆ ಟನ್ನಿಗೂ ಮಿಕ್ಕಿ ತೂಗುತ್ತದೆ; ಇಪ್ಪತ್ತು ಟನ್ನಿನ ಆಸುಪಾಸು ಹೊರುವ ನಾಲ್ಕು ಚಕ್ರದ ತೆರೆದ ವ್ಯಾಗನ್ನಿಗೆ ಸುಮಾರು ಎಂಟು ಘನಮೀಟರು ಕಲ್ಲು ಹೇರುವಷ್ಟರಲ್ಲಿ ಅದರ ತೂಕದ ಮಿತಿ ಮುಗಿಯುತ್ತದೆ. ಅಷ್ಟು ಕಲ್ಲನ್ನು ಡಬ್ಬಿಯ ತಳದಲ್ಲಿ ಸಮನಾಗಿ ಹರಡಿದರೆ ಮೊಣಕಾಲಿನ ಎತ್ತರಕ್ಕೂ ಬಾರದು. ಮೇಲಾಗಿ ಫರಸಿಯನ್ನು ಅಡ್ಡಡ್ಡ ಪೇರಿಸಿದರೆ ಕುಲುಕಾಟಕ್ಕೆ ಕೆಳಗಿನ ಹಲಗೆಗಳು ಸೀಳುವುದರಿಂದ, ಅವನ್ನು ಅಂಚಿನ ಮೇಲೆ ನಿಲ್ಲಿಸಿ, ಸ್ವಲ್ಪ ಓರೆಯಾಗಿ ಒಂದಕ್ಕೊಂದು ಆನಿಸಿ ಸಾಗಿಸುವುದು ವಾಡಿಕೆ. ಒಂದೂವರೆ ಅಂಗುಲ ದಪ್ಪದ, ಎರಡಡಿ ಚೌಕದ ಒಂದು ಫರಸಿಯು ಎಚ್‌ಓ ಪ್ರಮಾಣದಲ್ಲಿ ಏಳು ಮಿಲಿಮೀಟರು ಚೌಕದ, ಅರ್ಧ ಮಿಲಿಮೀಟರಿಗಿಂತ ತೆಳುವಾದ ಚೂರಾಗುತ್ತದೆ. ಇದಕ್ಕೆ ನಿಜವಾದ ಕಲ್ಲಿಗಿಂತ ಗಟ್ಟಿ ಕಾಗದವೇ ಮೇಲು. ಬೂದು, ನಸುಹಸಿರು, ನಸುಹಳದಿ ಛಾಯೆಗಳನ್ನು ಬೆರೆಸಿ ಹಚ್ಚಿ, ಅಂಚುಗಳನ್ನು ಒರಟಾಗಿಯೇ ಬಿಟ್ಟರೆ ಖಣಿಯಿಂದ ಬಂದ ಮಾಲಿನ ನೋಟ ಸಿಗುತ್ತದೆ.

ಸಿಮೆಂಟಿನ ಕಥೆ ಶಹಾಬಾದದಲ್ಲಿ ಆರಂಭವಾಗುತ್ತದೆ. ಅಲ್ಲಿನ ಶಹಾಬಾದ್ ಸಿಮೆಂಟ್ ಕಂಪನಿಯು 1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಒಂದುಗೂಡಿ ರಚನೆಯಾದ ಎಸಿಸಿಯಲ್ಲಿ ಸೇರಿತು. 1968ರಲ್ಲಿ ವಾಡಿಯ ಕಾರ್ಖಾನೆ ಬಂತು. 1980ರ ದಶಕದಲ್ಲಿ ಮಳಖೇಡದ ಬಳಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ ಕಾರ್ಖಾನೆಗಳು ತಲೆಯೆತ್ತಿದವು. ಸಿಮೆಂಟು ನೀರು ತಾಗಿದರೆ ಗಟ್ಟಿಯಾಗಿ ಕೆಡುವ ಸರಕಾದ್ದರಿಂದ ಅದಕ್ಕೆ ತೆರೆದ ಡಬ್ಬಿ ಆಗದು, ಚಾವಣಿಯಿರುವ ಮುಚ್ಚು ಡಬ್ಬಿಯೇ ಬೇಕು. ದಶಕಗಳ ಕಾಲ ಈ ಕೆಲಸ ಮಾಡಿದ್ದು ಸಿಆರ್‌ಟಿ ಮೊದಲಾದ ಸಂಕೇತಗಳ ನಾಲ್ಕು ಚಕ್ರದ ಮುಚ್ಚು ವ್ಯಾಗನ್ನುಗಳು. ಹಮಾಲರು ಸೆಣಬಿನ ಚೀಲಗಳನ್ನು ಹೆಗಲ ಮೇಲೆ ಹೊತ್ತು ತಂದು ಬಾಗಿಲೊಳಗೆ ಒಟ್ಟುತ್ತಿದ್ದರು. ಸೆಣಬಿನ ನೇಯ್ಗೆಯ ಸಂದಿನಿಂದ ಉದುರಿದ ಪುಡಿ ಬಾಗಿಲ ಚೌಕಟ್ಟಿನ ಸುತ್ತ, ತಳದ ಅಂಚಿನಲ್ಲಿ ಕುಳಿತು, ಮಳೆಗೆ ನೆನೆದು, ಬೂದುಬಣ್ಣದ ಹೊರಪದರವಾಗಿ ಗಟ್ಟಿಯಾಗುತ್ತಿತ್ತು. ಕೆಮ್ಮಣ್ಣಿನ ಬಣ್ಣದ ಹಳೆಯ ವ್ಯಾಗನ್ನಿನ ಮಾದರಿಗೆ ಎಲ್ಲ ಕಡೆಯೂ ಒಂದೇ ಸಮನೆ ಬೂದು ಎರಚುವುದು ಅಜ್ಞಾನದ ಕೆಲಸ; ಆ ಪದರವು ಬಾಗಿಲ ಬಳಿ ದಟ್ಟವಾಗಿದ್ದು ಡಬ್ಬಿಯ ಎರಡು ತುದಿಗಳತ್ತ ತೆಳುವಾಗಬೇಕು.

1957ರಲ್ಲಿ ಲಖನೌದಲ್ಲಿ ಸ್ಥಾಪನೆಯಾದ ಆರ್‌ಡಿಎಸ್‌ಓ, ಅಂದರೆ ರೈಲ್ವೆಯ ಸಂಶೋಧನೆ, ವಿನ್ಯಾಸ ಮತ್ತು ಮಾನಕಗಳ ಸಂಸ್ಥೆಯು ರೂಪಿಸಿದ ಬೋಗಿ ವ್ಯಾಗನ್ನುಗಳು ನಾಲ್ಕು ಚಕ್ರದ ಡಬ್ಬಿಗಳನ್ನು ನಿಧಾನವಾಗಿ ಹಿಂದೆ ತಳ್ಳಿದವು. ಬೋಗಿಯೆಂದರೆ ಎರಡು ಅಚ್ಚು, ನಾಲ್ಕು ಚಕ್ರಗಳುಳ್ಳ, ತಿರುವಿನಲ್ಲಿ ತಾನೇ ಹೊರಳುವ ಚೌಕಟ್ಟು. ಇಂಥ ಎರಡು ಚೌಕಟ್ಟುಗಳ ಮೇಲೆ ಡಬ್ಬಿ ಕೂರುತ್ತದೆ. ಮುಚ್ಚು ಡಬ್ಬಿಗಳಲ್ಲಿ ಮೊದಲು ಬಿಸಿಎಕ್ಸ್, ಆಮೇಲೆ ಬಿಸಿಎನ್, ಬಿಸಿಎನ್‌ಎ, ಈ ಶತಮಾನದಲ್ಲಿ ಬಿಸಿಎನ್‌ಎಚ್‌ಎಲ್ ಬಂದವು. ಸಂಕೇತದಲ್ಲಿನ ಎನ್ ಅಕ್ಷರ ಗಾಳಿ ಬ್ರೇಕಿನ ಗುರುತು. ಹಳೆಯ ನಿರ್ವಾತ ಬ್ರೇಕಿನ ಡಬ್ಬಿಯ ತುದಿಯಲ್ಲಿ ದಪ್ಪನೆಯ ಕೊಳವೆ ನೆಟ್ಟಗೆ ನಿಂತಿರುತ್ತದೆ, ಎರಡು ಪಕ್ಕದಲ್ಲಿ ದುಂಡು ಬಫರುಗಳಿರುತ್ತವೆ, ನಡುವೆ ತಿರುಪಿನ ಕೊಂಡಿಯಿರುತ್ತದೆ. ಗಾಳಿ ಬ್ರೇಕಿನ ಹೊಸ ಡಬ್ಬಿಯಲ್ಲಿ ತೆಳುವಾದ ಕೊಳವೆ ಕೆಳಗೆ ಜೋತುಬಿದ್ದಿರುತ್ತದೆ, ಬಫರುಗಳ ಬದಲಿಗೆ ನಡುವಿನ ಒಂದೇ ಉಕ್ಕಿನ ಕೊಂಡಿ ಎಳೆತವನ್ನೂ ನೂಕುವಿಕೆಯನ್ನೂ ತಾನೇ ತಾಳುತ್ತದೆ. ಸಿಆರ್‌ಟಿ ಡಬ್ಬಿಯ ಪಕ್ಕಕ್ಕೆ ಬಿಸಿಎನ್‌ಎಚ್‌ಎಲ್ ಜೋಡಿಸಿದ ಮಾದರಿ ಎಷ್ಟೇ ಅಂದವಾಗಿದ್ದರೂ ಅಂಥ ಗಾಡಿ ಯಾವ ಕಾಲದಲ್ಲೂ ಓಡಿದ್ದಲ್ಲ.

ಅಂಕಿಗಳು ಈ ಬದಲಾವಣೆಯ ಕಾರಣವನ್ನು ಸ್ಪಷ್ಟವಾಗಿ ತೋರಿಸುತ್ತವೆ. ಬಿಸಿಎನ್‌ಎ ಡಬ್ಬಿಯ ಸ್ವಂತ ತೂಕ 24.55 ಟನ್, ಹೊರುವ ಭಾರ 56.73 ಟನ್, ಉದ್ದದಲ್ಲಿ ಅದಕ್ಕಿಂತ ಮೂರು ಮೀಟರಿಗೂ ಹೆಚ್ಚು ಗಿಡ್ಡವಾದ ಬಿಸಿಎನ್‌ಎಚ್‌ಎಲ್ ಡಬ್ಬಿಯ ಸ್ವಂತ ತೂಕ 20.8 ಟನ್, ಹೊರುವ ಭಾರ 70.8 ಟನ್. ಅಂದರೆ ಐವತ್ತು ಕಿಲೋ ತೂಕದ ಸಿಮೆಂಟ್ ಚೀಲಗಳು ಒಂದು ಡಬ್ಬಿಗೆ ಸಾವಿರದ ನಾನೂರಕ್ಕೂ ಹೆಚ್ಚು. 58 ಡಬ್ಬಿಗಳ ಒಂದು ಪೂರ್ಣ ಗಾಡಿಗೆ, ಸೈಡಿಂಗಿನ, ಅಂದರೆ ಸರಕು ಹೇರುವ ಪಕ್ಕದ ಹಳಿಯ, ಮಾತಿನಲ್ಲಿ ಒಂದು ರೇಕಿಗೆ, ಸುಮಾರು ನಾಲ್ಕು ಸಾವಿರ ಟನ್. ಬಿಡಿ ಬಿಡಿಯಾಗಿ ನಾಲ್ಕಾರು ಡಬ್ಬಿ ಬುಕ್ ಮಾಡುತ್ತಿದ್ದ ಕಲ್ಲಿನ ಚಿಕ್ಕ ವ್ಯಾಪಾರಿಗೆ ರೇಕಿನ ಈ ವ್ಯವಸ್ಥೆಯಲ್ಲಿ ಎಡೆ ಉಳಿಯಲಿಲ್ಲ. ಫರಸಿ ಬಹುಮಟ್ಟಿಗೆ ಲಾರಿಯನ್ನು ಹತ್ತಿತು, ರೈಲು ಸಿಮೆಂಟಿಗೂ ಕಲ್ಲಿದ್ದಲಿಗೂ ಮೀಸಲಾಯಿತು. ಈ ಸೀಮೆಯ ರೈಲ್ವೆ ಚರಿತ್ರೆಯಲ್ಲಿ ಇದೊಂದು ದೊಡ್ಡ ತಿರುವು. 1990ರ ದಶಕದಲ್ಲಿ ನವಿಮುಂಬಯಿಯ ಕಳಂಬೋಲಿಗೆ ವಾಡಿಯಿಂದ ಚೀಲವಿಲ್ಲದ ಬಿಡಿ ಸಿಮೆಂಟು ಸಾಗಿಸುವ ಏರ್ಪಾಡು ಬಂದಾಗ, ಅದಕ್ಕೆಂದೇ ರೂಪಿಸಿದ ವಿಶೇಷ ವ್ಯಾಗನ್ನುಗಳು ಈ ಹಳಿಗಳ ಮೇಲೆ ಓಡಿದವು.

ಹೊಸ ಡಬ್ಬಿಗಳ ಮೇಲಿನ ಹನ್ನೊಂದು ಅಂಕಿಗಳ ಸಂಖ್ಯೆಯನ್ನು ಮಾದರಿಗಾರರು ಅಲಕ್ಷಿಸುವಂತಿಲ್ಲ. ಮೊದಲ ಎರಡು ಅಂಕಿ ಡಬ್ಬಿಯ ಬಗೆಯನ್ನು, ಮುಂದಿನೆರಡು ಒಡೆತನದ ರೈಲ್ವೆಯನ್ನು, ಅದರ ಮುಂದಿನೆರಡು ತಯಾರಾದ ವರ್ಷವನ್ನು, ಆಮೇಲಿನ ನಾಲ್ಕು ಆ ಡಬ್ಬಿಯ ಸ್ವಂತ ಕ್ರಮಾಂಕವನ್ನು ಸೂಚಿಸಿದರೆ, ಕೊನೆಯದು ಉಳಿದ ಹತ್ತನ್ನೂ ನಿಶ್ಚಿತ ಸೂತ್ರದಂತೆ ಲೆಕ್ಕಹಾಕಿ ಪಡೆಯುವ ತಾಳೆ ಅಂಕಿ. ಮನಸ್ಸಿಗೆ ತೋಚಿದ ಸಂಖ್ಯೆ ಬರೆದರೆ ಬಲ್ಲವರಿಗೆ ಅದು ಸುಳ್ಳೆಂದು ತಿಳಿಯುತ್ತದೆ.

ಭಾರತದ ಮಾದರಿಗಾರರನ್ನು ಮೊದಲಿನಿಂದಲೂ ಕಾಡಿದ ತೊಡಕು ಹಳಿಯ ಅಗಲ. ಇಲ್ಲಿನ ಬ್ರಾಡ್‌ಗೇಜ್ 1676 ಮಿಲಿಮೀಟರು. ಎಚ್‌ಓ ಪ್ರಮಾಣದಲ್ಲಿ ಅದು ಸುಮಾರು 19.25 ಮಿಲಿಮೀಟರು ಆಗಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿಯ ಅಗಲ 16.5 ಮಿಲಿಮೀಟರು, ಏಕೆಂದರೆ ಅದು ಯುರೋಪು, ಅಮೆರಿಕಗಳ 1435 ಮಿಲಿಮೀಟರಿನ ಹಳಿಗೆ ಹೊಂದುವಂಥದ್ದು. ಸಿದ್ಧ ಹಳಿಯ ಮೇಲೆ ಓಡಿಸುವ ಆಸೆಗೆ ಬಹುಮಂದಿ ಈ ವ್ಯತ್ಯಾಸವನ್ನು ಒಪ್ಪಿಕೊಂಡಿದ್ದಾರೆ. ಓಡುವ ಮಾದರಿಗೆ ಈ ರಾಜಿ ಕ್ಷಮ್ಯ. ಚಾರಿತ್ರಿಕ ದಾಖಲೆಯಾಗಿ ನಿಲ್ಲಬೇಕಾದ ಮಾದರಿಗೆ ಅಲ್ಲ. ಚಕ್ರಗಳು ಒಳಗೆ ಸರಿದು ಮೈ ಹೊರಚಾಚಿದ ಡಬ್ಬಿಯಲ್ಲಿ ಭಾರತದ ವ್ಯಾಗನ್ನಿನ ಅಗಲವಾದ ನಿಲುವು ಕಾಣುವುದಿಲ್ಲ.

ಈ ಕಲೆಗೂ ರೈಲ್ವೆ ವಸ್ತುಗಳ ಸಂರಕ್ಷಣೆಗೂ ದೂರದ ಊರುಗಳಲ್ಲಿ ನೆಲೆಯಿದೆ. ಪುಣೆಯ ಕೋಥರೂಡಿನಲ್ಲಿ ಭಾವೂ ಜೋಶಿಯವರು ಕಟ್ಟಿದ ಕಿರುರೈಲುಗಳ ಸಂಗ್ರಹಾಲಯ 1998ರಿಂದ ಜನರಿಗೆ ತೆರೆದಿದೆ; ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯವು 1979ರಷ್ಟು ಹಳೆಯದು; ರೈಲ್ವೆಯ ತರಬೇತಿ ಕೇಂದ್ರಗಳಲ್ಲಿ ಸಿಬ್ಬಂದಿಗೆ ಪಾಠ ಹೇಳಲು ಮಾದರಿ ಕೋಣೆಗಳಿವೆ. ಆದರೆ ಜನರ ಕಣ್ಣು ಸಹಜವಾಗಿ ಎಂಜಿನ್ನಿನ ಮೇಲೂ ರಾಜಮನೆತನದ ಸಲೂನಿನ ಮೇಲೂ ನೆಡುತ್ತದೆ; ಕಲ್ಲು, ಸಿಮೆಂಟು ಹೊತ್ತ ಡಬ್ಬಿ ಆಯುಷ್ಯ ಮುಗಿದ ಕೂಡಲೇ ಗುಜರಿಗೆ ಹೋಗುತ್ತದೆ. ನಾಲ್ಕು ಚಕ್ರದ ವ್ಯಾಗನ್ನುಗಳು ಸಾವಿರಾರು ಸಂಖ್ಯೆಯಲ್ಲಿ ಹೋದದ್ದು ಹಾಗೆಯೇ.

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂಗಳ ಸೈಡಿಂಗುಗಳಲ್ಲಿ ದುಡಿದ ಹಮಾಲರು, ಗಾರ್ಡುಗಳು, ವ್ಯಾಗನ್ ತಪಾಸಣೆಯ ಸಿಬ್ಬಂದಿ, ಕಾರ್ಖಾನೆಯ ನಿವೃತ್ತ ನೌಕರರು ಇರುವ ಮನೆಗಳಲ್ಲಿ ಹಳೆಯ ಛಾಯಾಚಿತ್ರ, ರೈಲ್ವೆ ರಸೀದಿ, ಅಳತೆಯ ನಕ್ಷೆ ಯಾವುದಿದ್ದರೂ ಅದನ್ನು ರದ್ದಿಗೆ ಹಾಕಬಾರದು. ಒಂದು ಡಬ್ಬಿಯ ಹಿನ್ನೆಲೆಯಲ್ಲಿ ತೆಗೆಸಿಕೊಂಡ ಕುಟುಂಬದ ಚಿತ್ರದಲ್ಲೂ ಬಾಗಿಲಿನ ರೂಪ, ರಿವೆಟ್ಟಿನ ಸಾಲು, ಬದಿಯ ಅಕ್ಷರಗಳು ಸಿಕ್ಕಿರುತ್ತವೆ. ಅಂಥವನ್ನು ಸ್ಕ್ಯಾನ್ ಮಾಡಿ, ಹಿಂಬದಿಯಲ್ಲಿ ಊರು ಮತ್ತು ವರ್ಷ ಬರೆದು, ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಗ್ರಂಥಾಲಯಕ್ಕೋ ಒಂದು ಪ್ರತಿ ಕೊಡುವುದು ಈಗಲೇ ಆಗಬೇಕಾದ ಕೆಲಸ.