ಪಟ್ಟಿಯಲ್ಲಿ ಸಿಗದ ಮಕ್ಕಳು

ಹುಟ್ಟುವಾಗಲೇ ಹೃದಯದಲ್ಲಿ ಸಣ್ಣ ರಂಧ್ರ, ಒಂದು ಕಿವಿ ಮಂದ, ಕಾಲುಗಳಲ್ಲಿ ಬಲವಿಲ್ಲ, ಮಾತು ತಡ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ‘ಅಷ್ಟೇನೂ ಗಂಭೀರವಲ್ಲ’ ಎನ್ನಬಹುದು. ಆದರೆ ಇವೆಲ್ಲವೂ ಒಂದೇ ಮಗುವಿನಲ್ಲಿ ಕೂಡಿಕೊಂಡಿದ್ದರೆ? ಅಂಥ ಮಗುವನ್ನು ಸಾಕುವ ತಾಯಿಗೆ ಉತ್ತರ ಗೊತ್ತು. ಸರಕಾರಿ ಕಡತಕ್ಕೆ ಅದು ಗೊತ್ತಾಗಲು ಅಮೆರಿಕದಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪೇ ಬೇಕಾಯಿತು.

ಬಡ ವೃದ್ಧರು, ಅಂಧರು ಮತ್ತು ಅಂಗವಿಕಲರಿಗೆ ಮಾಸಿಕ ನೆರವು ನೀಡುವ ಕಾನೂನನ್ನು ಅಮೆರಿಕದ ಸಂಸತ್ತು 1972ರಲ್ಲಿ ಅಂಗೀಕರಿಸಿತು. 1974ರ ಜನವರಿಯಲ್ಲಿ ಅದು ಜಾರಿಗೆ ಬಂತು. ವಯಸ್ಕನನ್ನು ದುಡಿಯಲಾಗದಂತೆ ಮಾಡುವ ನ್ಯೂನತೆಯಷ್ಟೇ ತೀವ್ರವಾದ ನ್ಯೂನತೆಯಿರುವ ಬಡ ಮಕ್ಕಳೂ ಇದಕ್ಕೆ ಅರ್ಹರೆಂದು ಕಾನೂನು ಹೇಳಿತ್ತು.

ತೊಡಕಿದ್ದುದು ಅಧಿಕಾರಿಗಳ ನಿಯಮಗಳಲ್ಲಿ. ಅವರ ಬಳಿ ಕಾಯಿಲೆಗಳ ಒಂದು ಪಟ್ಟಿಯಿತ್ತು. ವಯಸ್ಕನ ಕಾಯಿಲೆ ಆ ಪಟ್ಟಿಗೆ ಹೊಂದದಿದ್ದರೆ, ಆತ ನಿಜಕ್ಕೂ ದುಡಿಯಬಲ್ಲನೇ ಎಂದು ಮುಂದಿನ ಹಂತದಲ್ಲಿ ಪರಿಶೀಲಿಸುತ್ತಿದ್ದರು. ಮಕ್ಕಳಿಗೆ ಆ ಮುಂದಿನ ಹಂತವೇ ಇರಲಿಲ್ಲ. ಪಟ್ಟಿಗೆ ಸರಿಹೊಂದದ ಮಗುವಿನ ಅರ್ಜಿ ಅಲ್ಲಿಗೇ ಮುಗಿಯುತ್ತಿತ್ತು. ಹಲವು ನ್ಯೂನತೆಗಳು ಸೇರಿ ಮಗುವಿನ ದಿನನಿತ್ಯದ ಬದುಕಿನ ಮೇಲೆ ಬೀರುವ ಒಟ್ಟು ಪರಿಣಾಮವನ್ನು ಅಳೆದು, ‘ಇದು ಪಟ್ಟಿಯ ಕಾಯಿಲೆಗೆ ಸಮಾನ’ ಎನ್ನುವುದಕ್ಕೂ 1983ರ ಆಡಳಿತ ಸೂಚನೆ ಅವಕಾಶ ಕೊಡಲಿಲ್ಲ.

ಅದೇ 1983ರಲ್ಲಿ ಬ್ರಯಾನ್ ಜೆಬ್ಲಿ ಎಂಬ ಬಾಲಕನ ಪರವಾಗಿ ಫಿಲಡೆಲ್ಫಿಯಾದಲ್ಲಿ ಮೊಕದ್ದಮೆ ಹೂಡಲಾಯಿತು. ಜನ್ಮಜಾತ ಮಿದುಳಿನ ಹಾನಿ, ಬೆಳವಣಿಗೆಯಲ್ಲಿ ಹಿನ್ನಡೆ, ಕಣ್ಣಿನ ತೊಂದರೆ, ಸ್ನಾಯು-ಮೂಳೆಗಳ ದೌರ್ಬಲ್ಯ ಇವೆಲ್ಲ ಅವನಿಗಿದ್ದವು. ಆದರೂ ನೆರವು ನಿರಾಕರಿಸಲಾಗಿತ್ತು. ಬಡವರಿಗೆ ಉಚಿತ ಕಾನೂನು ಸೇವೆ ನೀಡುವ ಸಂಸ್ಥೆಯ ವಕೀಲರು ಅವನಂತಹ ಎಲ್ಲ ಮಕ್ಕಳ ಪರವಾಗಿ ವಾದಿಸಿದರು.

1990ರ ಫೆಬ್ರವರಿ 20ರಂದು ಸರ್ವೋಚ್ಚ ನ್ಯಾಯಾಲಯವು 7-2 ಬಹುಮತದಿಂದ ಮಕ್ಕಳ ಪರ ತೀರ್ಪಿತ್ತಿತು. ತೀರ್ಪು ಬರೆದ ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್, ಡೌನ್ ಸಿಂಡ್ರೋಮ್, ಸ್ಪೈನಾ ಬೈಫಿಡಾ, ಆಟಿಸಂಗಳಂತಹ ಎಲ್ಲರಿಗೂ ಗೊತ್ತಿರುವ ಸ್ಥಿತಿಗಳೂ ಪಟ್ಟಿಯಲ್ಲಿಲ್ಲವೆಂದು ಎತ್ತಿ ತೋರಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ, ದೇಹದ ಹಲವು ವ್ಯವಸ್ಥೆಗಳನ್ನು ಬಾಧಿಸುವ ಜನ್ಮಜಾತ ಸ್ಥಿತಿಗಳಿಗಾಗಿ ಮಕ್ಕಳ ಪಟ್ಟಿಯಲ್ಲಿ ಹೊಸ ವಿಭಾಗ ಸೇರಿತು. ನೆರವು ಪಡೆಯುತ್ತಿದ್ದ ಮಕ್ಕಳು 1989ರಲ್ಲಿ 3 ಲಕ್ಷಕ್ಕಿಂತ ಕಡಿಮೆ. 1996ರ ವೇಳೆಗೆ 9 ಲಕ್ಷಕ್ಕೂ ಹೆಚ್ಚು.

ಸಂಖ್ಯೆ ಏರಿದಂತೆ ಸಂಶಯವೂ ಏರಿತು. ಹಣದಾಸೆಗೆ ತಂದೆ ತಾಯಿಯೇ ಮಕ್ಕಳಿಗೆ ನಟಿಸಲು ಹೇಳಿಕೊಡುತ್ತಾರೆಂಬ ಆರೋಪಗಳು ಕೇಳಿಬಂದವು. 1996ರಲ್ಲಿ ಹೊಸ ಕಾನೂನು ಅರ್ಹತೆಯನ್ನು ಮತ್ತೆ ಬಿಗಿಗೊಳಿಸಿತು; ಸಾವಿರಾರು ಮಕ್ಕಳು ನೆರವು ಕಳೆದುಕೊಂಡರು. ಆದರೂ ತೀರ್ಪಿನ ತಿರುಳು ಅಳಿಯಲಿಲ್ಲ. ಕಲಿಕೆ, ಗಮನ, ಒಡನಾಟ, ಚಲನೆ, ಸ್ವಂತ ಆರೈಕೆ, ಆರೋಗ್ಯ ಎಂಬ 6 ಕ್ಷೇತ್ರಗಳಲ್ಲಿ ಈಗ ಮಗುವಿನ ಸಾಮರ್ಥ್ಯವನ್ನು ನೋಡಲಾಗುತ್ತದೆ. ಎರಡರಲ್ಲಿ ಗಣನೀಯ ಅಥವಾ ಒಂದರಲ್ಲಿ ಅತ್ಯಂತ ತೀವ್ರ ಮಿತಿಯಿದ್ದರೆ, ಕಾಯಿಲೆಯ ಹೆಸರು ಪಟ್ಟಿಯಲ್ಲಿಲ್ಲದಿದ್ದರೂ ವೈದ್ಯಕೀಯ ಅರ್ಹತೆ ಸಿಗಬಹುದು. ಕುಟುಂಬದ ಆದಾಯದ ಷರತ್ತು ಮಾತ್ರ ಹಾಗೆಯೇ ಇದೆ.

ಪಟ್ಟಿಗಳಿಲ್ಲದೆ ಯಾವ ಸರಕಾರವೂ ನಡೆಯದು, ನಿಜ. ಆದರೆ ಪಟ್ಟಿ ಮಾಡುವವರು ದೇಹವನ್ನು ಅಂಗ ಅಂಗವಾಗಿ ವಿಂಗಡಿಸುತ್ತಾರೆ. ಮಗು ಬದುಕುವುದು ಇಡಿಯಾಗಿ. ಈ ಸರಳ ಸತ್ಯವನ್ನು ಒಪ್ಪಿಸಲು ಬಡ ಕುಟುಂಬಗಳು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು ಎಂಬುದನ್ನು ಮರೆಯಬಾರದು.