ಸಲಿಂಗ ದಂಪತಿಗಳ ಮಡಿಲಿನ ಶಿಶು: ದೀಕ್ಷಾಸ್ನಾನದ ಚರಿತ್ರೆಯಿಂದ ಒಂದು ಟಿಪ್ಪಣಿ

ಬ್ರೆಜಿಲ್ ದೇಶದ ಸಾಂತೊ ಅಮಾರೊ ಧರ್ಮಕ್ಷೇತ್ರದ ಧರ್ಮಾಧ್ಯಕ್ಷರು 2023ರ ಜುಲೈನಲ್ಲಿ ವಿಶ್ವಾಸ ಸಿದ್ಧಾಂತ ಪೀಠದ ಮುಂದಿಟ್ಟ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ಸಲಿಂಗ ಸಂಗಾತಿಗಳಿಬ್ಬರು ದತ್ತುವಿನಿಂದಲೋ ಬಾಡಿಗೆ ಗರ್ಭದಂತಹ ವಿಧಾನದಿಂದಲೋ ಪಡೆದ ಶಿಶುವಿನ ದೀಕ್ಷಾಸ್ನಾನದಲ್ಲಿ ಅದರ ತಂದೆತಾಯಿಗಳೆಂದು ಪರಿಗಣಿತರಾಗಬಹುದೇ? ಪ್ರಶ್ನೆ ಹಿರಿಯರನ್ನು ಕುರಿತದ್ದು. ಜಗದ್ಗುರು ಫ್ರಾನ್ಸಿಸರು ಅಕ್ಟೋಬರ್ 31ರಂದು ಅನುಮೋದಿಸಿದ ಉತ್ತರವಾದರೋ ಶಿಶುವನ್ನು ಮಾತ್ರ ಕುರಿತದ್ದು: ಮಗು ಕಥೋಲಿಕ ವಿಶ್ವಾಸದಲ್ಲಿ ಬೆಳೆಯುವುದೆಂಬ ಆಧಾರಸಹಿತ ಭರವಸೆ ಇರಬೇಕು. ಇದು ಧರ್ಮಸಭೆಯ ಕಾನೂನು ಸಂಹಿತೆಯ 868ನೆಯ ವಿಧಿಯ ಮಾತು. ಎಲ್ಲ ಶಿಶುಗಳಿಗೂ ಅನ್ವಯಿಸುವ ಮಾತು.

ನುಣುಚಿಕೊಳ್ಳುವ ಉತ್ತರವಿದು ಎನ್ನಬಹುದು. ನಾವು ಹಾಗೆ ಭಾವಿಸುವುದಿಲ್ಲ. ಇದರ ಬೇರು ಬಹಳ ಹಳೆಯದು. ಐದನೆಯ ಶತಮಾನದ ಆದಿಯಲ್ಲಿ ಧರ್ಮಾಧ್ಯಕ್ಷ ಬೋನಿಫಾಸರು ಸಂತ ಅಗಸ್ಟೀನರನ್ನು ಕೇಳಿದ್ದರು: ದೀಕ್ಷಾಸ್ನಾನ ಪಡೆದ ಕೂಸನ್ನು ಹೆತ್ತವರೇ ಅನ್ಯದೇವತೆಗಳ ಬಲಿಗೆ ಒಯ್ದರೆ ಕೂಸಿಗೆ ಕೇಡುಂಟೇ? ಅಗಸ್ಟೀನರು ತಮ್ಮ 98ನೆಯ ಪತ್ರದಲ್ಲಿ, ಯೆಜೆಕಿಯೇಲನ 18ನೆಯ ಅಧ್ಯಾಯವನ್ನು ಆಧಾರವಾಗಿ ಹಿಡಿದು, ಒಬ್ಬರ ಪಾಪ ಅದಕ್ಕೆ ಸಮ್ಮತಿಸದ ಇನ್ನೊಬ್ಬರದಾಗದೆಂದರು. ದಾಸರ ಮಕ್ಕಳನ್ನು ಒಡೆಯರು ತರುವುದನ್ನೂ, ಹೆತ್ತವರು ಬೀದಿಗೆ ಬಿಟ್ಟ ಕೂಸುಗಳನ್ನು ಕನ್ಯಾವ್ರತಧಾರಿಣಿಯರು ಎತ್ತಿ ತರುವುದನ್ನೂ ನೆನೆದರು. ಶಿಶುವನ್ನು ಅರ್ಪಿಸುವುದು ಎತ್ತಿಕೊಂಡ ಕೈಗಳಿಗಿಂತ ಮಿಗಿಲಾಗಿ ಸಕಲ ವಿಶ್ವಾಸಿಗಳ ಸಮುದಾಯ ಎಂಬುದು ಅವರ ನಿಲುವು.

ನಮ್ಮ ಚರಿತ್ರೆ ಸದಾ ಈ ಎತ್ತರದಲ್ಲಿ ನಡೆಯಲಿಲ್ಲ. 1917ರ ಸಂಹಿತೆಯ 984ನೆಯ ವಿಧಿ ವಿವಾಹಬಾಹಿರವಾಗಿ ಹುಟ್ಟಿದವರನ್ನು ಗುರುದೀಕ್ಷೆಗೆ ಅನರ್ಹರೆಂದಿತು. ವಿನಾಯಿತಿಗಳಿದ್ದವು, ನಿಜ, ಆದರೆ ತಾನು ಮಾಡದ ತಪ್ಪಿಗೆ ವಿನಾಯಿತಿ ಬೇಡಬೇಕಾದ ಯುವಕನನ್ನು ಗುರುಮಠದ ಓದುಗರು ಕ್ಷಣಕಾಲ ಊಹಿಸಿಕೊಳ್ಳಲಿ. 1983ರ ಸಂಹಿತೆ ಆ ಅಡ್ಡಿಯನ್ನು ಕೈಬಿಟ್ಟಿತು. ವಿವಾಹದ ಬೋಧೆ ಅದರಿಂದ ಸಡಿಲವಾಗಲಿಲ್ಲ.

ಅಮೆರಿಕದ ಧರ್ಮಾಧ್ಯಕ್ಷರು 2006ರಲ್ಲಿ, ಸಲಿಂಗ ದಂಪತಿಗಳ ಆರೈಕೆಯಲ್ಲಿರುವ ಮಕ್ಕಳ ದೀಕ್ಷಾಸ್ನಾನವು ಗಂಭೀರ ಪಾಲನಾ ಕಳವಳದ ಸಂಗತಿ ಎಂದು ಹೇಳಿಯೂ, ಧರ್ಮಸಭೆ ಆ ಮಕ್ಕಳಿಗೆ ಸಂಸ್ಕಾರವನ್ನು ನಿರಾಕರಿಸುವುದಿಲ್ಲವೆಂದರು. 2014ರ ಸಿನೋಡಿನ ಕಾರ್ಯಪತ್ರ, ಇಂಥ ಮಗುವನ್ನು ಇತರ ಮಕ್ಕಳಂತೆಯೇ ಅಕ್ಕರೆಯಿಂದ ಬರಮಾಡಿಕೊಳ್ಳಬೇಕೆಂಬ ಮಾತು ತನಗೆ ಬಂದ ಉತ್ತರಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇತ್ತೆಂದು ದಾಖಲಿಸಿತು.

ಭರವಸೆ ಸಂಪೂರ್ಣವಾಗಿ ಇಲ್ಲದಿದ್ದಲ್ಲಿ ದೀಕ್ಷಾಸ್ನಾನವನ್ನು ಮುಂದೂಡಬೇಕೆಂಬುದೂ 868ನೆಯ ವಿಧಿಯೇ. ಆದರೆ ಆ ಪರೀಕ್ಷೆಯನ್ನು ಈ ಮನೆಗಳಿಗಷ್ಟೇ ಬಿಗಿಗೊಳಿಸಿ, ಕ್ರಿಸ್ಮಸ್ಸಿಗೆ ಮಾತ್ರ ಮುಖ ತೋರುವ ದಂಪತಿಗಳಿಗೆ ಸಡಿಲಿಸುವುದು ನ್ಯಾಯವಲ್ಲ. ರೋಮಿನ ಉತ್ತರ ಮುಟ್ಟದೆ ಬಿಟ್ಟದ್ದು ದಾಖಲೆ ಪುಸ್ತಕದ ತಂದೆತಾಯಿಗಳ ಅಂಕಣವನ್ನು. ದತ್ತುಮಕ್ಕಳ ವಿಷಯದಲ್ಲಿ ದತ್ತು ಪಡೆದವರ ಹೆಸರನ್ನು ಬರೆಯಲು 877ನೆಯ ವಿಧಿ ಹೇಳುತ್ತದೆ. ಧರ್ಮಾಧ್ಯಕ್ಷರ ಮಂಡಳಿಗಳ ನಿಯಮಗಳಿಗೂ ಅಲ್ಲಿ ಎಡೆಯಿದೆ. ಈ ಅಂಕಣವನ್ನು ಹೇಗೆ ತುಂಬಬೇಕೆಂಬುದನ್ನು ಆ ಮಂಡಳಿಗಳು ಹೇಳಬೇಕಾಗಿದೆ.