ಬೆಟ್ಟವಿಲ್ಲದ ಊರಿಗೆ ಬೆಟ್ಟದ ಸೈಕಲ್

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ ಚೌಡಾಪುರ ಸಿಗುತ್ತದೆ. ದತ್ತಾತ್ರೇಯನ ದರ್ಶನಕ್ಕೆಂದು ದೇವಲ ಗಾಣಗಾಪುರಕ್ಕೆ ಹೊರಟವರು ಇಲ್ಲಿ ಹೊರಳಿಕೊಳ್ಳುತ್ತಾರೆ. ಕಣ್ಣು ಹಾಯುವವರೆಗೂ ಎರೆಭೂಮಿ. ತೊಗರಿ, ಜೋಳ, ಭೀಮಾ ನದಿಯ ಕಡೆಗೆ ಸರಿದಂತೆ ಕಬ್ಬು. ಬೆಟ್ಟವೆಂದು ಕರೆಯಬಹುದಾದದ್ದು ಹತ್ತಿರದಲ್ಲಿ ಒಂದೂ ಇಲ್ಲ. ಆದರೆ ಅಫಜಲಪುರ, ಆಳಂದ, ಜೇವರ್ಗಿ ಸೀಮೆಯ ಹುಡುಗ ಹೈಸ್ಕೂಲು ಸೇರುವ ವಯಸ್ಸಿಗೆ ಮನೆಯಲ್ಲಿ ಹಟ ಹಿಡಿಯುವ ಸೈಕಲ್ಲಿನ ಹೆಸರು ಮಾತ್ರ ‘ಮೌಂಟನ್ ಬೈಕ್’. ಕೆಲವರು ಅದನ್ನು ‘ರೇಂಜರ್’ ಎನ್ನುತ್ತಾರೆ, ಕೆಲವರು ‘ಗೇರ್ ಸೈಕಲ್’ ಎನ್ನುತ್ತಾರೆ. ಗೇರು ಇಲ್ಲದಿದ್ದರೂ ಆ ಹೆಸರು ತಪ್ಪುವುದಿಲ್ಲ.

ಅಗ್ಗದ್ದೆಂದರೂ ಅದಕ್ಕೆ ಐದಾರು ಸಾವಿರ ರೂಪಾಯಿ ಬೇಕು. ಗೇರು ಇರುವಂಥದ್ದಾದರೆ ಹತ್ತು ಸಾವಿರ ದಾಟುತ್ತದೆ. ತೊಗರಿಯ ಧಾರಣೆ ನೋಡಿ ಖರ್ಚು ಮಾಡುವ ಮನೆಯಲ್ಲಿ ಇದು ಸಣ್ಣ ಮೊತ್ತವಲ್ಲ. ಆದ್ದರಿಂದ ತಂದೆಯ ಪ್ರಶ್ನೆ ಸಹಜವಾದದ್ದೇ: ಇದು ಬರಿಯ ಶೋಕಿಯೋ, ಈ ನೆಲಕ್ಕೆ ಆಗಿಬರುವ ವಾಹನವೋ? ಉತ್ತರ ಬೇಕಾದರೆ ಈ ಸೈಕಲ್ಲು ಹುಟ್ಟಿದ ಬಗೆಯನ್ನೂ ಅದು ಇಲ್ಲಿಗೆ ಬರುವಷ್ಟರಲ್ಲಿ ಏನೇನು ಕಳೆದುಕೊಂಡಿತು ಎಂಬುದನ್ನೂ ನೋಡಬೇಕಾಗುತ್ತದೆ.

ಕರಿ ಸೈಕಲ್ಲಿನ ಕಾಲ

ಎರಡು ಚಕ್ರ ಒಂದೇ ಅಳತೆ, ಪೆಡಲಿನಿಂದ ಹಿಂದಿನ ಚಕ್ರಕ್ಕೆ ಚೈನು: ಈ ರೂಪವನ್ನು ಗಟ್ಟಿಗೊಳಿಸಿದ್ದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ತಯಾರಿಸಿದ ‘ರೋವರ್’ ಸೈಕಲ್ಲು. 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಮೇಲೆ ಅದು ಜನಸಾಮಾನ್ಯರ ವಾಹನವಾಯಿತು. ಬ್ರಿಟಿಷರ ಕಾಲದಲ್ಲಿ ಭಾರತಕ್ಕೆ ಬಂದ ಸೈಕಲ್ಲುಗಳು ಬಹುಪಾಲು ಇಂಗ್ಲೆಂಡಿನಿಂದಲೇ ಬಂದವು. ಕಲಬುರಗಿ ಜಿಲ್ಲೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹಳ್ಳಿಗಳಲ್ಲಿ ಆಗ ಸೈಕಲ್ಲೆಂದರೆ ಅಧಿಕಾರಿಯದು, ಮಾಸ್ತರರದು, ಇಲ್ಲವೇ ಉಳ್ಳವರ ಮನೆಯದು.

ಸ್ವಾತಂತ್ರ್ಯದ ನಂತರ ಸೈಕಲ್ಲು ಇಲ್ಲಿಯೇ ತಯಾರಾಗತೊಡಗಿತು. 1949ರಲ್ಲಿ ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೊ ಹುಟ್ಟಿಕೊಂಡವು. 1986ರಲ್ಲಿ ಹೀರೊ ಕಂಪನಿ ಜಗತ್ತಿನಲ್ಲೇ ಅತಿ ಹೆಚ್ಚು ಸೈಕಲ್ ತಯಾರಿಸುವ ಸಂಸ್ಥೆಯೆಂದು ಗಿನ್ನೆಸ್ ದಾಖಲೆಯನ್ನೂ ಸೇರಿತು. ಹೆಸರು ಬೇರೆಯಾದರೂ ಎಲ್ಲರ ಸೈಕಲ್ಲೂ ಒಂದೇ: ಕಪ್ಪು ಬಣ್ಣ, 28 ಇಂಚಿನ ಚಕ್ರ, ಒಂದೂವರೆ ಇಂಚು ಅಗಲದ ಟೈರು, ಕಂಬಿಯ ಬ್ರೇಕು, ಚೈನಿನ ಮೇಲೆ ಪೂರ್ತಿ ಮುಚ್ಚಿಗೆ, ಹಿಂದೆ ಗಟ್ಟಿ ಕ್ಯಾರಿಯರು. ತೂಕ ಸುಮಾರು 20 ಕಿಲೊ.

ಈ ಸೈಕಲ್ಲು ಮದುವೆಯಲ್ಲಿ ಅಳಿಯನಿಗೆ ಸಂದಿತು; ರೇಡಿಯೊ, ಕೈಗಡಿಯಾರಗಳ ಜೊತೆಗೆ ಅದು ಮೂರನೆಯ ಮರ್ಯಾದೆ. ಹಾಲಿನ ಕ್ಯಾನು, ಹಿಂಡಿಯ ಚೀಲ, ಮೇವಿನ ಹೊರೆ, ಹೆಂಡತಿ, ಮಗು ಎಲ್ಲರನ್ನೂ ಎಲ್ಲವನ್ನೂ ಅದು ಹೊತ್ತಿತು. ಸೀಟಿಗೆ ಕಾಲು ಎಟುಕದ ಹುಡುಗರು ಬಾರಿನ ಅಡಿಯಿಂದ ಕಾಲು ತೂರಿಸಿ, ಸೊಂಟ ವಾಲಿಸಿ ಒಳಪೆಡಲು ತುಳಿದು ಕಲಿತರು. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲು ಸಿಗುತ್ತಿತ್ತು. ಪಟ್ಟಣಗಳಲ್ಲಿ ಪುರಸಭೆಗೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಿಕೊಳ್ಳಬೇಕಿತ್ತು. ಕತ್ತಲಾದ ಮೇಲೆ ದೀಪವಿಲ್ಲದೆ ಹೊರಟವನು ಪೊಲೀಸರನ್ನು ಕಂಡರೆ ಇಳಿದು ತಳ್ಳಿಕೊಂಡು ಹೋಗುತ್ತಿದ್ದ.

ಎರೆಮಣ್ಣಿನ ಪರೀಕ್ಷೆ

ಇಂಥ ಸೈಕಲ್ಲಿಗೆ ಸೋಲು ಬಂದದ್ದು ದೊಡ್ಡ ರಸ್ತೆ ಬಿಟ್ಟು ಹೊಲದ ದಾರಿಗೆ ಇಳಿದಾಗ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ನೆಲದ ಬಿರುಕಿಗೆ ಕೈ ಇಳಿಸಬಹುದು. ಮಳೆಗಾಲದಲ್ಲಿ ಬಂಡಿ ಹೋದ ಜಾಡು ಗಟ್ಟಿಯಾಗಿ ವರ್ಷಪೂರ್ತಿ ಹಾಗೆಯೇ ಉಳಿಯುತ್ತದೆ. ಒಂದೂವರೆ ಇಂಚಿನ ಟೈರು ಆ ಜಾಡಿಗೆ ಬಿದ್ದರೆ ಹೊರಬರುವುದು ಕಷ್ಟ. ಬಿರುಕಿಗೆ ಸಿಕ್ಕರೆ ಸವಾರನೇ ಮುಂದೆ ಬೀಳುತ್ತಾನೆ. ಇನ್ನು ದಾರಿಯುದ್ದಕ್ಕೂ ನೆಗ್ಗಿಲ ಮುಳ್ಳು, ಬೇಲಿಯ ಜಾಲಿ ಮುಳ್ಳು. ಪಂಕ್ಚರ್ ಹಾಕುವವನ ತಗಡಿನ ಡಬ್ಬಿಯಲ್ಲಿ ಸಲ್ಯೂಷನ್ ಎಂದೂ ಆರಿ ಹೋಗದಂತೆ ನೋಡಿಕೊಂಡದ್ದು ಈ ಎರಡು ಗಿಡಗಳೇ.

ಮೂರನೆಯ ತೊಂದರೆ ಗಾಳಿ. ಬಯಲುನಾಡಿನಲ್ಲಿ ಏರು ಇಲ್ಲದಿದ್ದರೂ ಆಷಾಢದ ಗಾಳಿ ಇದೆ. ಅದು ಪಡುವಣ ದಿಕ್ಕಿನಿಂದ ಬೀಸುತ್ತದೆ. ಚೌಡಾಪುರದಿಂದ ಅಫಜಲಪುರದ ಕಡೆಗೆ ಹೊರಟವನಿಗೆ ಅದು ನೇರ ಎದೆಗೇ ಬಡಿಯುತ್ತದೆ. ಕರಿ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಮುಂದಿನ ಹಲ್ಲುಚಕ್ರಕ್ಕೆ 48 ಹಲ್ಲು, ಹಿಂದಿನ ಫ್ರೀವೀಲಿಗೆ 18. ಒಂದು ಸುತ್ತು ತುಳಿದರೆ ಸೈಕಲ್ಲು ಸುಮಾರು 6 ಮೀಟರು ಸಾಗಬೇಕು. ಗಾಳಿ ಎದುರಾಗಲಿ, ಹೊರೆ ಹೆಚ್ಚಾಗಲಿ, ಈ ಲೆಕ್ಕ ಬದಲಾಗದು. ತುಳಿಯಲಾಗದಿದ್ದರೆ ಇಳಿದು ತಳ್ಳುವುದೊಂದೇ ದಾರಿ.

ಹಳೆಯದರಿಂದ ಹುಟ್ಟಿದ ಹೊಸದು

ಕಚ್ಚಾ ದಾರಿಗೆ ಸರಿಯಾದ ಸೈಕಲ್ಲು ಬೇಕೆಂಬ ಯೋಚನೆ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಬೇರೊಂದು ಕಾರಣಕ್ಕೆ ಹುಟ್ಟಿತು. ಅಲ್ಲಿ ಅಗತ್ಯಕ್ಕಿಂತ ಮೋಜು ಮುಂದಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಮರೀನ್ ಕೌಂಟಿಯಲ್ಲಿ ಟಮಲ್‌ಪಾಯಸ್ ಎಂಬ ಬೆಟ್ಟವಿದೆ. 1970ರ ದಶಕದಲ್ಲಿ ಅಲ್ಲಿನ ಕೆಲವು ತರುಣರು ಗುಜರಿಯಿಂದ ತಂದ ಹಳೆಯ ಸೈಕಲ್ಲುಗಳನ್ನು ಏರಿ ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಯುವ ಆಟ ಶುರುಮಾಡಿದರು. ಅವರಿಗೆ ಬೇಕಾಗಿದ್ದ ಹಳೆಯ ಸೈಕಲ್ಲು ಒಂದು ವಿಶೇಷ ಬಗೆಯದು. ಶಿಕಾಗೊದ ಶ್ವಿನ್ ಕಂಪನಿ 1933ರಲ್ಲಿ ಮಕ್ಕಳ ಒರಟು ಬಳಕೆಗೆಂದು 26 ಇಂಚಿನ ಚಕ್ರಕ್ಕೆ 2.125 ಇಂಚು ಅಗಲದ ಉಬ್ಬು ಟೈರು ಹಾಕಿ ಸೈಕಲ್ಲು ತಂದಿತ್ತು. ನಲವತ್ತು ವರ್ಷಗಳ ನಂತರ ಮಣ್ಣು, ಕಲ್ಲು, ಕೊರಕಲುಗಳ ಮೇಲೆ ನಿಂತದ್ದು ಆ ದಪ್ಪ ಟೈರೇ.

1976ರ ಅಕ್ಟೋಬರಿನಲ್ಲಿ ಈ ತರುಣರು ಮೊದಲ ಇಳಿಜಾರು ಪಂದ್ಯ ನಡೆಸಿದರು. ಎರಡು ಮೈಲಿಯ ದಾರಿ, ಅಷ್ಟರಲ್ಲೇ ಸುಮಾರು 1,300 ಅಡಿ ಇಳಿತ. ಹಿಂದಕ್ಕೆ ತುಳಿದರೆ ಹಿಡಿಯುವ ಹಳೆಯ ಬ್ರೇಕಿನ ಹಬ್ಬಿನೊಳಗೆ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಇಳಿತದ ನಂತರ ಹಬ್ಬು ಬಿಚ್ಚಿ ಮತ್ತೆ ಗ್ರೀಸು ತುಂಬಬೇಕಾಗಿತ್ತು. ಹಾಗೆ ಮರಳಿ ತುಂಬುವುದಕ್ಕೆ ಅಲ್ಲಿಯ ಮಾತು ‘ರಿಪ್ಯಾಕ್’. ಆ ದಾರಿಗೂ ಪಂದ್ಯಕ್ಕೂ ಅದೇ ಹೆಸರು ನಿಂತಿತು.

ಇಳಿದವರು ಮತ್ತೆ ಹತ್ತಬೇಕಲ್ಲ? ಅದಕ್ಕಾಗಿ ಅವರು ಹಳೆಯ ಚೌಕಟ್ಟಿಗೆ ರೇಸಿಂಗ್ ಸೈಕಲ್ಲಿನ ಗೇರು ಜೋಡಿಸಿದರು, ಗಟ್ಟಿ ಬ್ರೇಕು ಹಾಕಿದರು, ಮೋಟರ್‌ಸೈಕಲ್ಲಿನ ಲಿವರು ಕಟ್ಟಿದರು. 1977ರಲ್ಲಿ ಅವರಲ್ಲೊಬ್ಬನಾದ ಜೋ ಬ್ರೀಜ್ ಈ ಕೆಲಸಕ್ಕೆಂದೇ ಹೊಸ ಚೌಕಟ್ಟು ಬೆಸೆದ. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ, ಟಾಮ್ ರಿಚಿ ಮಾಡಿದ ಚೌಕಟ್ಟುಗಳನ್ನು ಬಳಸಿ ‘ಮೌಂಟನ್‌ಬೈಕ್ಸ್’ ಎಂಬ ಹೆಸರಿನಲ್ಲೇ ವ್ಯಾಪಾರಕ್ಕಿಳಿದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ ‘ಸ್ಟಂಪ್‌ಜಂಪರ್’ ಹೊರಬಂದ ಮೇಲೆ ಇದು ಕಾರ್ಖಾನೆಯ ಸರಕಾಯಿತು. ಆಗ ಅದರ ಬೆಲೆ 750 ಡಾಲರು. 1996ರ ಅಟ್ಲಾಂಟಾ ಒಲಿಂಪಿಕ್ಸ್ ವೇಳೆಗೆ ಗುಜರಿಯ ಆಟ ಪದಕದ ಆಟವಾಗಿತ್ತು.

ಈ ಕಥೆಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಈ ಸೈಕಲ್ಲುಗಳಲ್ಲಿ ಮೊದಲಿಗೆ ಸ್ಪ್ರಿಂಗಿನ ಶಾಕ್ ಅಬ್ಸಾರ್ಬರ್ ಇರಲಿಲ್ಲ. ಅಂಥ ಮುಂಗವಲು ‘ರಾಕ್‌ಶಾಕ್ಸ್’ ಕಂಪನಿಯಿಂದ ಮಾರುಕಟ್ಟೆಗೆ ಬಂದದ್ದು 1989ರಲ್ಲಿ. ಹತ್ತು ಹನ್ನೆರಡು ವರ್ಷ ಬೆಟ್ಟ ಇಳಿದವರೆಲ್ಲ ದಪ್ಪ ಟೈರನ್ನೂ ತಮ್ಮ ಮೊಣಕೈ ಮೊಣಕಾಲುಗಳನ್ನೂ ನಂಬಿಯೇ ಇಳಿದರು.

ಉಳಿದದ್ದು, ಬಿಟ್ಟುಹೋದದ್ದು

ಭಾರತದಲ್ಲಿ 1980ರ ದಶಕದ ಹೊತ್ತಿಗೆ ಕರಿ ಸೈಕಲ್ಲಿನ ಏಕತಾನತೆ ಮುರಿಯತೊಡಗಿತ್ತು. ಬಿ.ಎಸ್.ಎ. ಎಸ್.ಎಲ್.ಆರ್.ನಂಥ ತೆಳುವಾದ, ಬಣ್ಣದ ಸೈಕಲ್ಲು ಕಾಲೇಜು ಹುಡುಗರ ಕಣ್ಣು ಸೆಳೆಯಿತು. 1990ರ ದಶಕದಲ್ಲಿ ನೇರ ಹ್ಯಾಂಡಲ್ಲಿನ, ದಪ್ಪ ಟೈರಿನ ಸೈಕಲ್ಲುಗಳು ಅಂಗಡಿಗಳನ್ನು ತುಂಬಿದವು. ಹೀರೊ ಕಂಪನಿಯ ‘ರೇಂಜರ್’ ಎಷ್ಟು ಜನಪ್ರಿಯವಾಯಿತೆಂದರೆ ಆ ಜಾತಿಯ ಸೈಕಲ್ಲಿಗೆಲ್ಲ ಅದೇ ಹೆಸರಾಯಿತು. ಮೋಟರ್‌ಸೈಕಲ್ಲು ಕೊಳ್ಳಲಾಗದ ಮನೆಯ ಮಗನಿಗೆ ಅದರ ನೆರಳಾದರೂ ಸಿಕ್ಕಿತು.

ಆದರೆ ಬೆಲೆ ಇಳಿಸುವಾಗ ಬಿಟ್ಟದ್ದು ಕಣ್ಣಿಗೆ ಕಾಣದ ಭಾಗಗಳನ್ನು; ಉಳಿಸಿಕೊಂಡದ್ದು ಕಣ್ಣಿಗೆ ಹೊಡೆಯುವಂಥವನ್ನು. ಅಗ್ಗದ ಬೆಟ್ಟದ ಸೈಕಲ್ಲುಗಳಲ್ಲಿ ಹಲವಕ್ಕೆ ಗೇರು ಇರುವುದಿಲ್ಲ, ಆದರೆ ಮುಂದೊಂದು ಹಿಂದೊಂದು ಸ್ಪ್ರಿಂಗ್ ಇರುತ್ತದೆ. ಆ ಸ್ಪ್ರಿಂಗಿಗೆ ಕುಲುಕಾಟವನ್ನು ತಡೆದು ನಿಲ್ಲಿಸುವ ಎಣ್ಣೆಯ ಏರ್ಪಾಡು ಇರುವುದಿಲ್ಲವಾದ್ದರಿಂದ ಅದು ಕುದುರೆಯಂತೆ ಕುಣಿಯುತ್ತದೆ. ಸೈಕಲ್ಲಿನ ತೂಕ ಹೆಚ್ಚಿಸುತ್ತದೆ; ತುಳಿದ ಬಲದಲ್ಲಿ ಒಂದಿಷ್ಟನ್ನು ತಾನೇ ನುಂಗುತ್ತದೆ. ಕರಿ ಸೈಕಲ್ಲಿಗಿದ್ದ ಚೈನಿನ ಪೂರ್ತಿ ಮುಚ್ಚಿಗೆ ಹೋಯಿತು. ಅಗಲವಾದ ಮಡ್‌ಗಾರ್ಡು ಹೋಯಿತು. ಕ್ಯಾರಿಯರು ಹೋಯಿತು. ಎರೆಮಣ್ಣಿನ ನಾಡಿನಲ್ಲಿ ದಿನನಿತ್ಯ ಬೇಕಾದವೇ ಈ ಮೂರೂ.

ಉಳಿದುಕೊಂಡ ನಿಜವಾದ ಸಂಪತ್ತೆಂದರೆ ಟೈರು. ಇಂದಿಗೂ ಸಾದಾ ರೇಂಜರಿನ ಟೈರಿನ ಪಕ್ಕೆಯಲ್ಲಿ 26 x 2.125 ಎಂದು ಅಚ್ಚಾಗಿರುವುದುಂಟು. ಅದು 1933ರ ಶಿಕಾಗೊದ ಅಳತೆಯೇ. ಒಣಗಿದ ಬಂಡಿಜಾಡು, ನೆಲದ ಬಿರುಕು, ಸಡಿಲ ಕಲ್ಲಿನ ದಾರಿ ಇವುಗಳ ಮೇಲೆ ಈ ಅಗಲ ಕೆಲಸಕ್ಕೆ ಬರುತ್ತದೆ. ಹಸಿ ಎರೆಯಲ್ಲಿ ಮಾತ್ರ ಯಾವ ಸೈಕಲ್ಲಿನ ಆಟವೂ ನಡೆಯದು. ಟೈರಿನ ಗುಬುಟುಗಳಿಗೆ ಮಣ್ಣು ಮೆತ್ತಿ, ಬ್ರೇಕಿನ ಸಂದಿಯಲ್ಲಿ ಗಡ್ಡೆಕಟ್ಟಿ ಚಕ್ರ ನಿಂತುಬಿಡುತ್ತದೆ. ಆಗ ಸೈಕಲ್ಲು ಸವಾರನ ಹೆಗಲೇರುತ್ತದೆ.

ಗೇರು ಇರುವ ಸೈಕಲ್ಲಾದರೆ ಇನ್ನೊಂದು ಲಾಭವಿದೆ. 21 ಗೇರಿನ ಸಾಮಾನ್ಯ ಸೈಕಲ್ಲಿನಲ್ಲಿ ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು. ಮುಂದಿನ 24 ಹಲ್ಲು, ಹಿಂದಿನ 28 ಹಲ್ಲು ಕೂಡಿಸಿದರೆ ಒಂದು ತುಳಿತಕ್ಕೆ ಸೈಕಲ್ಲು ಎರಡು ಮೀಟರಿಗೂ ಕಡಿಮೆ ಸಾಗುತ್ತದೆ. 42ಕ್ಕೆ 14 ಕೂಡಿಸಿದರೆ ಆರು ಮೀಟರಿಗೂ ಹೆಚ್ಚು. ಮೊದಲನೆಯದು ಎದುರುಗಾಳಿಗೆ, ಹೊರೆಗೆ. ಎರಡನೆಯದು ಗಾಳಿ ಬೆನ್ನಿಗಿದ್ದಾಗ. ಬೆಟ್ಟಕ್ಕೆಂದು ಹುಟ್ಟಿದ ಗೇರು ಆಷಾಢದ ಬಯಲಿನಲ್ಲಿ ಸಾರ್ಥಕವಾಗುವುದು ಹೀಗೆ. ಆದರೆ ಧೂಳು ಕುಡಿದ ಚೈನನ್ನು ಒರೆಸಿ ಎಣ್ಣೆ ಬಿಡದಿದ್ದರೆ, ತಂತಿಯ ಬಿಗಿ ನೋಡಿಕೊಳ್ಳದಿದ್ದರೆ 21 ಗೇರು ಆರು ತಿಂಗಳಲ್ಲಿ ಒಂದೇ ಗೇರಾಗುತ್ತದೆ.

ಹೆಣ್ಣುಮಕ್ಕಳ ಪಾಲು

ಹಳೆಯ ಕರಿ ಸೈಕಲ್ಲು ಬಹುಮಟ್ಟಿಗೆ ಗಂಡಸರ ಸ್ವತ್ತು. ಅದರ ನೇರ ಬಾರೇ ಹೆಣ್ಣುಮಕ್ಕಳಿಗೆ ಅಡ್ಡಿಯಾಗಿತ್ತು. ಈ ಕಥೆಗೆ ದೊಡ್ಡ ತಿರುವು ಬಂದದ್ದು ಸರ್ಕಾರದಿಂದ. ಕರ್ನಾಟಕದಲ್ಲಿ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಆರಂಭವಾಯಿತು. ಹುಡುಗಿಯರಿಗೆ ಬಾರು ಇಳಿದ ಸೈಕಲ್ಲು, ಹುಡುಗರಿಗೆ ಬಾರು ಇರುವುದು. ಎರಡಕ್ಕೂ ಗೇರು ಇಲ್ಲ. ಏಳನೆಯ ತರಗತಿ ಮುಗಿದ ಮೇಲೆ ಹೈಸ್ಕೂಲು ಇನ್ನೊಂದು ಊರಿನಲ್ಲಿದೆ ಎಂಬ ಕಾರಣಕ್ಕೇ ಮನೆಯಲ್ಲಿ ಕೂರುವ ಹುಡುಗಿಗೆ ಅದು ದಾರಿ ಬಿಡಿಸಿತು. ಬೆಳಗಿನ ರಸ್ತೆಯಲ್ಲಿ ಸಾಲಾಗಿ ಸೈಕಲ್ ತುಳಿಯುವ ಹೆಣ್ಣುಮಕ್ಕಳು ಹಳ್ಳಿಗೆ ಹೊಸ ನೋಟವಾದರು.

ಕೋವಿಡ್ ಬಂದು 2020ರಲ್ಲಿ ಶಾಲೆಗಳು ಮುಚ್ಚಿದಾಗ ಆ ವಿತರಣೆ ನಿಂತಿತು. ಮುಂದಿನ ಕೆಲವು ವರ್ಷ ಮಕ್ಕಳಿಗೆ ಸೈಕಲ್ಲು ಸಿಗಲಿಲ್ಲ. ಅಟ್ಲಾಸ್ ಕಂಪನಿಯ ಉಳಿದಿದ್ದ ಕೊನೆಯ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ, ಜೂನ್ 3ರಂದು. ವಿಶ್ವ ಸೈಕಲ್ ದಿನದಂದೇ. ಸೈಕಲ್ಲು ಕೊಡಿಸುವ ಹೊರೆ ಮನೆಯವರ ಮೇಲೆ ಬಿದ್ದಾಗ ಮೊದಲು ಕೊಂಡದ್ದು ಯಾರಿಗೆ ಎಂದು ಬೇರೆ ಹೇಳಬೇಕಿಲ್ಲ. ಮಗನಿಗೆ ರೇಂಜರು ಬರುತ್ತದೆ, ಮಗಳಿಗೆ ಬಸ್ಸೇ ಗತಿ. ಬಸ್ಸು ಬಾರದ ದಿನ ಅವಳಿಗೆ ಶಾಲೆಯೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿ.ಎಸ್.ಟಿ. ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅದರಿಂದ ಉಳಿಯುವ ಕೆಲವು ನೂರು ರೂಪಾಯಿ ಒಂದು ಕ್ಯಾರಿಯರಿಗೋ ಬೀಗಕ್ಕೋ ಸಾಕಾದೀತು. ಮನೆಯ ಎರಡನೆಯ ಸೈಕಲ್ಲಿಗೆ ಸಾಲದು.

ತಂದೆಯ ಪ್ರಶ್ನೆಗೆ ಉತ್ತರ

ಹಾಗಾದರೆ ಅಗ್ಗದ ಬೆಟ್ಟದ ಸೈಕಲ್ಲು ಕೊಳ್ಳಬೇಕೇ? ಇತಿಹಾಸ ಹೇಳುವ ಉತ್ತರ ಸರಳವಾಗಿದೆ. ಟೈರು ನೋಡಿ ಕೊಳ್ಳಬೇಕು, ಸ್ಪ್ರಿಂಗ್ ನೋಡಿ ಅಲ್ಲ. ಎರಡು ಸ್ಪ್ರಿಂಗಿನ ಸೈಕಲ್ಲಿಗಿಂತ ಸ್ಪ್ರಿಂಗೇ ಇಲ್ಲದ, ಗಟ್ಟಿ ಕವಲಿನ ಸೈಕಲ್ಲು ಮೇಲು. ಗೇರು ಬೇಕೋ ಬೇಡವೋ ಎಂಬುದು ತುಳಿಯುವ ದೂರವನ್ನೂ ಹತ್ತಿರದಲ್ಲಿ ಅದನ್ನು ರಿಪೇರಿ ಮಾಡಬಲ್ಲವನು ಇದ್ದಾನೆಯೇ ಎಂಬುದನ್ನೂ ಅವಲಂಬಿಸಿದೆ. ಬಾರು ಇಳಿಜಾರಾಗಿದ್ದು ಸೀಟು ಮೇಲೆ ಕೆಳಗೆ ಮಾಡಲು ಬರುವಂತಿದ್ದರೆ ಒಂದೇ ಸೈಕಲ್ಲು ಅಣ್ಣನಿಗೂ ತಂಗಿಗೂ ಒದಗುತ್ತದೆ.

ಉಳಿದದ್ದನ್ನು ರಿಪೇರಿ ಅಂಗಡಿಯವರು ಮಾಡುತ್ತಲೇ ಬಂದಿದ್ದಾರೆ. ಹೊಸ ರೇಂಜರು ಅಂಗಡಿಯಿಂದ ಹೊರಟ ಕೆಲವೇ ದಿನಗಳಲ್ಲಿ ಅದಕ್ಕೊಂದು ಕ್ಯಾರಿಯರು ಬೀಳುತ್ತದೆ, ಮಡ್‌ಗಾರ್ಡು ಬೀಳುತ್ತದೆ, ನಿಲ್ಲಿಸಲು ಗಟ್ಟಿ ಸ್ಟ್ಯಾಂಡು ಬೀಳುತ್ತದೆ. ಪುಸ್ತಕದ ಚೀಲ, ಹೊಲಕ್ಕೆ ಒಯ್ಯುವ ಬುತ್ತಿ, ತಂಗಿ ಎಲ್ಲಕ್ಕೂ ಜಾಗವಾಗುತ್ತದೆ. ಪೇಟೆಯ ಹುಡುಗರು ಇದನ್ನು ನೋಡಿ ನಗಬಹುದು. ಆದರೆ ಟಮಲ್‌ಪಾಯಸ್ ಬೆಟ್ಟದ ತರುಣರು ಮಾಡಿದ್ದೂ ಇದನ್ನೇ. ಕಂಪನಿ ಕೊಟ್ಟ ಸೈಕಲ್ಲನ್ನು ಅವರು ತಮ್ಮ ನೆಲಕ್ಕೆ ತಕ್ಕಂತೆ ಬಿಚ್ಚಿ ಕಟ್ಟಿಕೊಂಡರು. ಅವರ ನೆಲ ಬೆಟ್ಟವಾಗಿತ್ತು, ಚೌಡಾಪುರದ್ದು ಎರೆ.